ಕಬ್ಬಿನೊಳಗೆ ಹಾದುಹೋಗುವ ಗೆರೆ

ತುಕ್ಕಾನಟ್ಟಿಯ ಹೊಲದಲ್ಲಿ ಮಲಗಿರುವ ಅಪ್ಪನಿಗೆ,

ನಿನ್ನನ್ನು ಅಲ್ಲಿಂದ ಎಬ್ಬಿಸಬೇಕೆಂದರು. ಆಗುವುದಿಲ್ಲ ಎಂದೆ. ನಾನು ಹೆಚ್ಚು ಮಾತಾಡುವವಳಲ್ಲವೆಂದು ನಿನಗೆ ಗೊತ್ತು. ಅವತ್ತೂ ಅಷ್ಟೇ ಅಂದೆ.

ನಿನ್ನನ್ನು ಮಣ್ಣು ಮಾಡಿದ ದಿನ ಬಾಜೂ ಹೊಲದ ಭೀಮಪ್ಪ ಕಾಕಾ ತಾನೇ ಸಲಿಕೆ ಹಿಡಿದಿದ್ದ. ಈ ಮಳೆಗಾಲದ ಮೊದಲ ಮಳೆಗೇ ಹಳ್ಳ ತುಂಬಿ ಬಂದು ಎರಡು ಹೊಲಗಳ ನಡುವಿನ ಬದು ಕೊಚ್ಚಿಹೋಯಿತು. ಹೊಸ ಬದುವನ್ನು ಅವನೇ ಹಾಕಿದ, ನಮ್ಮ ಕಡೆಗೆ ಬಗ್ಗಿಸಿ. ಅಲ್ಲಿವರೆಗೂ ಕಬ್ಬು ಹಚ್ಚಿದ. ನಿನ್ನ ಸಮಾಧಿ ಅವನ ಕಬ್ಬಿನ ಅಂಚಿಗೆ ಸೇರಿಹೋಯಿತು. ಸುದ್ದಿ ಕೇಳಿ ನಾನು ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದಾಗ ಊರ ಹಿರಿಯರು ನಮ್ಮ ಕಟ್ಟೆಯ ಮೇಲೆ ಕೂತಿದ್ದರು.

“ಅಮಾಸಿ ಒಳಗ ಸಮಾಧಿ ತಗದು ನಿಮ್ಮ ಹೊಲಕ್ಕ ಒಯ್ರಿ,” ಅಂದ ಕಾಕಾ.

“ಕುಣಿ ತೋಡಿದವ್ರು ನೀವ ಅಲ್ರಿ ಕಾಕಾ?”

“ಅವತ್ತ ಅಷ್ಟ ದುಃಖದಾಗ ಯಾರ ಹೊಲದ ಹದ್ದ ನೋಡತಾರವಾ? ಹೇಳಬಾರದಂತ ಸುಮ್ನಿದ್ದೆ.”

ಎಷ್ಟು ದೊಡ್ಡ ಮನಸ್ಸು, ಅಲ್ಲವೇ ಅಪ್ಪ?

ನಾನು ಹತ್ತನೇ ತರಗತಿಯಲ್ಲಿದ್ದಾಗ ನೀನು ನನ್ನ ಗಣಿತದ ನೋಟ್‌ಬುಕ್ಕಿನಲ್ಲಿ ಇಣುಕಿ ನಕ್ಕಿದ್ದೆ. “ಎರಡ ಕಲ್ಲ ಇದ್ರ ನಡುವ ಗೆರಿ ಒಂದ. ಹಗ್ಗ ಜಗ್ಗಿದ್ರ ಮುಗೀತು. ಇದಕ್ಕ ಸಾಲಿ ಯಾಕ?” ಅಂದಿದ್ದೆ. ಯಾಕೆಂದು ಈಗ ಕೇಳು: ಹಗ್ಗ ಹಾಯಬೇಕಾದ ದಾರಿಯಲ್ಲಿ ಆಳೆತ್ತರದ ಕಬ್ಬು ನಿಂತಿತ್ತು. ಈ ಕಲ್ಲಿನಿಂದ ಆ ಕಲ್ಲು ಕಾಣುತ್ತಿರಲಿಲ್ಲ. ಸರ್ಕಾರಿ ಮೋಜಣಿಯವರು ಬಂದು ಅಳೆಯುವ ಹೊತ್ತಿಗೆ ಅಮಾವಾಸ್ಯೆ ದಾಟಿರುತ್ತಿತ್ತು. ಕಾಣದ ಗೆರೆಯನ್ನು ಹಿಡಿಯಲು ಲೆಕ್ಕವೊಂದೇ ಇತ್ತು.

ನಮ್ಮ ಹೊಲದ ದಕ್ಷಿಣದ ಅಂಚನ್ನೇ ಬುಡದ ಗೆರೆ ಮಾಡಿಕೊಂಡೆ; ಕಾಕಾನ ಹೊಲ ಉತ್ತರಕ್ಕೆ. ಗೌಂಡಿಗಳು ಪಾಯ ಹಾಕುವಾಗ ಮಾಡುವಂತೆ ಮೂರು, ನಾಲ್ಕು, ಐದು ಅಡಿಗೆ ಹಗ್ಗ ಕಟ್ಟಿ ಲಂಬಕೋನದ ಮೂಲೆ ಹಿಡಿದೆ. ದಾರಿಯ ಬದಿಯಲ್ಲಿ ಹೊಲದ ಗಡಿ ತೋರಿಸುವ ಹದ್ದಿನ ಕಲ್ಲು ಬುಡದಿಂದ ನಲವತ್ತು ಅಡಿ. ಇನ್ನೂರು ಅಡಿ ಆಚೆ, ಹಳ್ಳದ ದಂಡೆಯಲ್ಲಿ ಸುಣ್ಣ ಹಚ್ಚಿದ ಕಲ್ಲು ಐವತ್ತು ಅಡಿ. ದಾರಿಯಿಂದ ಹಳ್ಳದ ಕಡೆಗಿನ ದೂರ x, ಬುಡದಿಂದ ಉತ್ತರಕ್ಕೆ ದೂರ y ಎಂದು ಸಮೀಕರಣ ಬರೆದೆ. ನೀನು ಮಲಗಿರುವುದು ನೂರಿಪ್ಪತ್ತನೇ ಅಡಿಯಲ್ಲಿ, ಬುಡದಿಂದ ನಲವತ್ತೆಂಟಕ್ಕೆ. ಅಲ್ಲಿ ಗೆರೆ ಹಾಯುವುದು ನಲವತ್ತಾರಕ್ಕೆ ಎಂದು ಲೆಕ್ಕ ಹೇಳಿತು. ಅಂದರೆ ನೀನು ಎರಡು ಅಡಿ ಅವನ ಹೊಲದಲ್ಲಿ…

ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಹಿರಿಯರೆದುರು ಇದ್ದದ್ದನ್ನು ಇದ್ದಂತೆ ಓದಿದೆ.

“ನೋಡ್ರಿ, ಅಕಿ ಲೆಕ್ಕಾನ ನನ್ನ ಕಡೆ ಐತಿ!” ಕಾಕಾ ತೊಡೆ ತಟ್ಟಿದ.

ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು, “ಯಾವ ಕಲ್ಲ ಹಿಡದಿ?”

“ಸುಣ್ಣದ ಕಲ್ಲ.”

“ಹುಚ್ಚಿ, ಅದು ಪಾಂಡವರ ಕಲ್ಲ! ಹೊಲಕ್ಕ ಎಡಿ ತಂದು ಚರಗಾ ಚೆಲ್ಲೂ ದಿನ ಐದ ಕಲ್ಲಿಗೆ ನಾನ ಸುಣ್ಣಾ ಹಚ್ಚಿ ಪೂಜಿ ಮಾಡೇನಿ. ನಾಕ ಮಂದಿನ್ನ ಹಳ್ಳ ಒಯ್ತು, ಒಬ್ಬಾವ ಉಳದಾನ.”

ಹಿರಿಯರಲ್ಲಿ ಒಬ್ಬರಿಗೆ ನಗು ತಡೆಯಲಾಗಲಿಲ್ಲ. “ಉಳದಾಂವ ಭೀಮನ ಇರಬೇಕು. ಭೀಮಪ್ಪನ ಕಡೆ ಸಾಕ್ಷಿ ಹೇಳಾಕ ನಿಂತಾನ.”

ನನಗೆ ನಗು ಬರಲಿಲ್ಲ. ಹಳ್ಳಿಯಲ್ಲಿ ಬೆಳೆದವಳು, ದೇವರ ಕಲ್ಲಿಗೂ ಹದ್ದಿನ ಕಲ್ಲಿಗೂ ವ್ಯತ್ಯಾಸ ಮರೆತಿದ್ದೆ. ನಾನು ಪರದೇಶದ ಕಾದಂಬರಿಗಳ ಅನುವಾದ ಓದುತ್ತ ಕೂತಾಗ, “ಅಲ್ಲಿ ಮಂದಿ ಹದ್ದಿಗೆ ಬಡದಾಡೂದಿಲ್ಲೇನ?” ಎಂದು ಕೇಳುತ್ತಿದ್ದೆಯಲ್ಲ. ಬಡಿದಾಡುತ್ತಾರೆ ಅಪ್ಪ. ಆದರೆ ನನ್ನಷ್ಟು ದಡ್ಡತನ ಮಾಡಿದವರನ್ನು ನಾನಿನ್ನೂ ಓದಿಲ್ಲ.

ಮರುದಿನ ಅವ್ವ ಹಳ್ಳ ತಂದು ಹಾಕಿದ ರೇವೆ ಮಣ್ಣನ್ನು ಕೈಯಿಂದಲೇ ಬಗೆದು ನಿಜವಾದ ಕಲ್ಲನ್ನು ತೋರಿಸಿದಳು. ಅದೂ ಇನ್ನೂರನೇ ಅಡಿಯಲ್ಲೇ, ಬುಡದಿಂದ ಅರವತ್ತಕ್ಕೆ. ಇನ್ನೂರು ಅಡಿ ಸಾಗುವಾಗ ಇಪ್ಪತ್ತು ಅಡಿ ಏರಿಕೆ, ಅಂದರೆ ಇಳಿಜಾರು ಹತ್ತರಲ್ಲಿ ಒಂದು. y = x/10 + 40. ನೂರಿಪ್ಪತ್ತನೇ ಅಡಿಯಲ್ಲಿ ಗೆರೆ ಐವತ್ತೆರಡಕ್ಕೆ ಹಾಯುತ್ತದೆ. ನೀನು ನಾಲ್ಕು ಅಡಿ ಈಚೆಗೆ, ನಮ್ಮ ಹೊಲದಲ್ಲೇ ಇದ್ದೀಯ.

“ನಿನ್ನಿ ಒಂದು, ಇವತ್ತ ಒಂದು. ನಾಳಿಗೆ ನನ್ನ ಮನೀನೂ ನಿಂದ ಅಂತೀಯೇನು?” ಕಾಕಾ ಕೂಗಿದ. “ಹಾಳಿ ಮ್ಯಾಲಿನ ಗೆರಿ ನಂಬಿ ನಾ ಕಬ್ಬ ಕಡೀಲೇನು?”

“ಎಲ್ಲಾ ಕಡೀಬ್ಯಾಡ್ರಿ ಕಾಕಾ. ನಾ ತೋರಸಿದಲ್ಲಿ ಒಂದ ಕುಣಿ ತೋಡ್ರಿ. ಅಪ್ಪ ಬದುವಿನ ಬುಡಕ್ಕ ಕಲ್ಲ ಹಾಸಿದ್ದ. ಸಿಗಲಿಲ್ಲಂದ್ರ ನಾಳೆನ ಸಮಾಧಿ ತಗೀತೀನಿ.”

ಹೇಳಿಬಿಟ್ಟೆ. ಹಳ್ಳ ಆ ಕಲ್ಲುಗಳನ್ನೂ ಎಳೆದೊಯ್ದಿದ್ದರೆ? ಅದನ್ನು ನಿನಗೆ ಈಗಲೂ…

ಐವತ್ತೆರಡನೇ ಅಡಿಯಲ್ಲಿ ಹಾರೆ ಇಳಿಯಿತು. ಕಬ್ಬಿನ ಬೇರು, ಎರೆಮಣ್ಣು, ಮತ್ತೆ ಎರೆಮಣ್ಣು. ಮೊಣಕಾಲಿನಷ್ಟು ಆಳದಲ್ಲಿ ಠಣ್ ಎಂದಿತು. ಕಲ್ಲುಗಳು ಒಂದರ ಪಕ್ಕ ಒಂದು, ನೀನು ಜೋಡಿಸಿದಂತೆಯೇ ಇದ್ದವು. ಕಾಕಾ ಬಗ್ಗಿ ಕಲ್ಲು ಮುಟ್ಟಿ ನೋಡಿದ. ಆಮೇಲೆ ತಲೆಯ ಪಟಕ ಸರಿಮಾಡಿಕೊಂಡು, “ಈ ಸಲ ಕಬ್ಬ ಹೋಗಲಿ, ಬದು ಮೊದಲಿನಂಗ ಹಾಕತೀನಿ,” ಎಂದ. ಕ್ಷಮೆ ಕೇಳಲಿಲ್ಲ. ನಾನೂ ಕೇಳಿಸಿಕೊಳ್ಳಲು ನಿಂತಿರಲಿಲ್ಲ.

ಇನ್ನೊಂದು ಸುದ್ದಿ. ಎಲ್ಲರೂ ಹೋದ ಮೇಲೆ ಅವ್ವ ಟೇಪು ಸುತ್ತುತ್ತಿದ್ದ ನನ್ನ ಕೈ ಹಿಡಿದಳು. “ನಿಮ್ಮಪ್ಪನ ಬಾಜೂ ನನ್ನ ಜಾಗಾನೂ ಅಳದ ಬರದಿಡು. ಆಮ್ಯಾಲ ಯಾರೂ ಕ್ಯಾತಿ ತಗೀಬಾರದು.”

“ಅದಕ್ಕೇನ ಅವಸರ ಐತಿ ಅವ್ವಾ?”

“ನನಗಿಲ್ಲ. ಹದ್ದ ಒತ್ತಾವ್ರಿಗೆ ಇರತೈತಿ.”

ಅಳೆದೆ. ನೂರಿಪ್ಪತ್ತು, ನಲವತ್ತೆರಡು. ಗೆರೆಯಿಂದ ಹತ್ತು ಅಡಿ ಈಚೆ. ಆ ಜಾಗದಲ್ಲಿ ಈಗ ಅವ್ವ ಮೆಣಸಿನಕಾಯಿ ಸಸಿ ಹಚ್ಚಿದ್ದಾಳೆ.

ನಿನ್ನ ಮಗಳು