ಅಂಶ ಮೂವತ್ತು

ಮಾರ್ಚ್ ೩, ಸೋಮವಾರ

ಇಂದಿನ ಪತ್ರಿಕೆಯ ಮುಖಪುಟದಲ್ಲೇ ಅಲ್ಪಪ್ರಾಣ–ಮಹಾಪ್ರಾಣಗಳ ಕಲಬೆರಕೆ. ಕೆಂಪು ಶಾಯಿಯಲ್ಲಿ ತಿದ್ದಿಟ್ಟೆ. “ತಿದ್ದಿ ತಿದ್ದಿ ಯಾರಿಗೆ ಕಳಿಸ್ತೀರಿ? ಕೊನೆಗೆ ರದ್ದಿಯವನಿಗೇ ತಾನೆ?” — ಹೆಂಡತಿ. ಎರಡನೇ ಪುಟ ತಿರುವಿದೆ.

ಮಗಳ ಬಲಗೈಗೆ ಪ್ಲಾಸ್ಟರ್. ಶನಿವಾರ ತನ್ನ ವಾಸ್ತುಶಿಲ್ಪ ಕಚೇರಿಯ ಮೆಟ್ಟಿಲಲ್ಲಿ ಜಾರಿದ್ದು. ಒಂದು ಗ್ರಂಥಾಲಯದ ಛಾವಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಶುಕ್ರವಾರ ತೋರಿಸಬೇಕಂತೆ. ಇಷ್ಟು ವರ್ಷ ಬೇರೆಯವರ ಗೋಡೆಗಳಿಗೆ ಬಾಗಿಲು ಕಿಟಕಿ ಕೂರಿಸಿದವಳು. ಇದು ಅವಳದೇ ಎನ್ನುವ ಮೊದಲ ಕಟ್ಟಡ. ತಪ್ಪಿದರೆ ಪಕ್ಕದ ಟೇಬಲಿನವನ ಪಾಲು. ಅವರ ಮುಖ್ಯಸ್ಥನಿಗೆ ಇವಳಿಟ್ಟ ಹೆಸರು ‘ಗರಗಸ’. ದನಿಯೂ ಹಾಗೆ, ಗುಣವೂ ಹಾಗೆ ಎನ್ನುತ್ತಾಳೆ.

ಎಡಗೈಯಲ್ಲಿ ಮೌಸ್ ಹಿಡಿದು ನೋಡಿದಳು. ಗೆರೆ ಎರೆಹುಳುವಿನಂತೆ ಹರಿಯಿತು.

“ಅಪ್ಪ, ಈ ವಾರ ನೀವು ನನ್ನ ಕೈ ಆಗ್ತೀರಾ?”

“ಕೈಗೆ ತಲೆ ಇರ್ಬಾರ್ದು ಅಂತ ಏನಾದ್ರೂ ಇದ್ಯಾ?”

“ಇದೆ,” ಎಂದಳು.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆಯೆಲ್ಲ ಎಡ ಕ್ಲಿಕ್, ಬಲ ಕ್ಲಿಕ್. ಗಣಿತ ಕಲಿಸಿ ನಿವೃತ್ತನಾದವನಿಗೆ ಅಕ್ಷರಾಭ್ಯಾಸ.

ಛಾವಣಿಯ ರೂಪ ಮಾತ್ರ ಸೊಗಸು. ನೆತ್ತಿಯಿಂದ ಕಡಿದಾಗಿ ಇಳಿದು, ನಡುವೆ ಬಾಗಿ, ಸೂರಿನ ಕಡೆಗೆ ಹರವಾಗಿ ಚಾಚುತ್ತದೆ — ಜಾರುಬಂಡೆಯ ಹಾಗೆ. ಎರಡು ಇಳಿಜಾರು, ನಡುವೆ ಅವನ್ನು ಸೇರಿಸುವ ಒಂದು ಕಂಸ. ಆ ಸೇರುವೆಯಲ್ಲೇ ಗಂಟು. ಬೆಳಕು ಬಿದ್ದಾಗ ಇಸ್ತ್ರಿಯ ಮಡಿಕೆಯಂತೆ ಒಂದು ಗೆರೆ.

“ಸಾಫ್ಟ್‌ವೇರ್ ಸ್ಮೂತ್ ಅಂತ ತೋರಿಸ್ತಿದೆ ಅಪ್ಪ.”

“ಅದು ಓದಿದ್ದು ಯಾವ ಶಾಲೇಲಿ?”

ಹಿಗ್ಗಿಸಿ ತೋರಿಸಿದೆ. ರೇಖೆ ವೃತ್ತವನ್ನು ಮುಟ್ಟುತ್ತಿಲ್ಲ, ಕೊಯ್ಯುತ್ತಿದೆ. ಸ್ಪರ್ಶಕವಲ್ಲ, ಛೇದಕ. ಎರಡು ಇಳಿಜಾರು ಕೂಡುವ ಬಿಂದುವಿನಿಂದ ಎರಡೂ ಕಡೆಗೆ ಸಮದೂರ ಅಳೆದು, ಅಲ್ಲಿ ಲಂಬಗಳನ್ನೆಬ್ಬಿಸಿ, ಅವು ಸಂಧಿಸಿದಲ್ಲಿ ಕೇಂದ್ರ ಹಿಡಿದೆ. ಕಂಸ ಕೂತಿತು. ಮಡಿಕೆ ಮಾಯ.

“ಒಂಬತ್ತನೇ ಕ್ಲಾಸಲ್ಲಿ ಇದಕ್ಕೇ ನನ್ನ ಕಿವಿ ಹಿಂಡಿದ್ರಿ.”

“ಹಿಂಡಿದ್ದಕ್ಕೇ ಇವತ್ತೂ ಕಿವಿ ಕೇಳಿಸ್ತಿದೆ.”

ಚಿತ್ರ ಕಳಿಸಿದಳು. ಗರಗಸನ ಉತ್ತರ: ಒಂದು ಹೆಬ್ಬೆಟ್ಟು. ಅವನ ಮಟ್ಟಿಗೆ ಅದೇ ಸನ್ಮಾನವಂತೆ.

ಅಡುಗೆಮನೆಯಿಂದ ಕೂಗು: “ಆ ಕಂಸನ ವಧೆ ಮುಗಿದಿದ್ರೆ ಊಟಕ್ಕೆ ಬನ್ನಿ!”

ಮಾರ್ಚ್ ೬, ಗುರುವಾರ

ನಿನ್ನೆ ಬರೆಯಲಿಲ್ಲ. ಕಣ್ಣುರಿ. ಕಿಟಕಿಗಳನ್ನೆಲ್ಲ ಕೂರಿಸಿ, ಗೋಡೆಗಳನ್ನು ಛಾವಣಿಗೆ ಮುಟ್ಟಿಸಿದ್ದಾಯಿತು. ಇಂಗ್ಲಿಷ್ ಪದ ಬಂದಲ್ಲೆಲ್ಲ ನಾನು ಕನ್ನಡ ಹೇಳುವುದು, ಅವಳು ನಗುವುದು. ಈಗ ಅವಳೇ ತ್ರಿಜ್ಯ, ಲಂಬ ಎನ್ನತೊಡಗಿದ್ದಾಳೆ. ಗೇಲಿಗೇ ಇರಲಿ, ಕೇಳಲು ಹಿತ.

ಸಂಜೆ ಮಗಳಿಗೆ ಗರಗಸನ ಫೋನು. ಕೆಳಭಾಗ ತೀರ ಚಪ್ಪಟೆ, ನೀರು ನಿಂತೀತು, ಇಳಿಜಾರು ಸ್ವಲ್ಪ ಹೆಚ್ಚಿಸಿ ಈಗಲೇ ಕಳಿಸಿ ಎಂದು. ಮಗಳು ನೋವಿನ ಮಾತ್ರೆ ನುಂಗಿ ಮಲಗಿದ್ದಳು. ಅಲ್ಲಿಂದಲೇ ಕೂಗಿದಳು:

“ಅಪ್ಪ, ಕೆಳಗಿನ ಇಳಿಜಾರು ಬದಲಾಯಿಸ್ಬೇಕು. ಅಂಶ ಮೂವತ್ತು ಮಾಡಿ!”

ಅಂಶ! ಡಿಗ್ರಿ ಎನ್ನಲಿಲ್ಲ. ಅಕ್ಷಾಂಶ, ರೇಖಾಂಶದ ಅಂಶ. ಎದೆಯುಬ್ಬಿತು. ಪರದೆಯ ಮೇಲೆ ಇಳಿಜಾರಿನ ಪೆಟ್ಟಿಗೆಯಲ್ಲಿ ೨೦/೧೦೦ ಎಂದಿತ್ತು. ಕೋನವನ್ನು ಯಾರಾದರೂ ಹೀಗೆ ಬರೆಯುತ್ತಾರೆಯೇ? ಪಕ್ಕದ ಬಾಣವನ್ನೊತ್ತಿ ಡಿಗ್ರಿಗೆ ತಿರುಗಿಸಿ ೩೦ ಎಂದು ಕೊಟ್ಟೆ. ಕಂಸವನ್ನು ಮತ್ತೆ ಎಳೆದೆ. ಸೇರುವೆ ಮೊದಲಿಗಿಂತ ನಯ.

“ಆಯ್ತು.”

“ನಾನೊಂದ್ಸಲ ಎದ್ದು ನೋಡ್ಲಾ?”

“ನಾನು ನೋಡಿದ್ಮೇಲೆ ಮತ್ತೆ ನೋಡೋದೇನು? ಮಲಗು.”

ಕಳಿಸಿದೆ.

ಮಾರ್ಚ್ ೭, ಶುಕ್ರವಾರ. ಬೆಳಿಗ್ಗೆ ೧೧

ದೊಡ್ಡ ತಪ್ಪಾಗಿದೆ. ಆದರೂ ಬರೆಯುತ್ತೇನೆ, ಬರೆದರೆ ಬುದ್ಧಿ ಸ್ಥಿಮಿತಕ್ಕೆ ಬರುತ್ತದೆ.

ಮಗಳು ಆಟೊ ಹಿಡಿದು ಹೋದ ಮೇಲೆ ಹೆಂಡತಿಗೆ ಛಾವಣಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಚೆನ್ನಾಗಿದೆ. ಕಿಟಕಿ ಎಲ್ಲಿ?”

“ಸೂರಿನ ಕೆಳಗೆ.”

“ಕೆಳಗೆಲ್ಲಿ? ನಿಮ್ಮ ಸೂರು ಕಿಟಕಿಗೆ ಟೋಪಿ ಹಾಕ್ಬಿಟ್ಟಿದೆ.”

ಸೀಳಿ ನೋಡುವ ಸೆಕ್ಷನ್ ತೆರೆದೆ. ನಿಜ. ಸೂರು ಇಳಿದು ಕಿಟಕಿಯ ಅರ್ಧಕ್ಕೆ ಬಂದಿದೆ. ಓದುವ ಕೋಣೆಗೆ ಬೆಳಕೇ ಇಲ್ಲ.

೨೦/೧೦೦ ಆಗಬೇಕಿದ್ದದ್ದು ೩೦/೧೦೦. ಭಿನ್ನರಾಶಿ. ಮೇಲಿನದು ಅಂಶ, ಕೆಳಗಿನದು ಛೇದ. ಅವಳು ಹೇಳಿದ್ದು ಆ ಅಂಶ! ನೂರು ಅಡ್ಡಕ್ಕೆ ಮೂವತ್ತು ಇಳಿತ. ಮೂವತ್ತು ಡಿಗ್ರಿಯಾದರೆ ಇಳಿತ ಐವತ್ತೆಂಟರ ಹತ್ತಿರ. ಸುಮಾರು ಇಮ್ಮಡಿ. ಪದಕ್ಕೆ ಎರಡರ್ಥವಿದೆ, ತಪ್ಪು ಪದದ್ದು ಎಂದುಕೊಳ್ಳಲು ಹೊರಟೆ… ಇಲ್ಲ. ಪೆಟ್ಟಿಗೆಯಲ್ಲಿ ನೂರು ಕಣ್ಣಿಗೆ ಹೊಡೆಯುವಂತಿತ್ತು. ಅದನ್ನು ಕಿತ್ತೆಸೆದವನು ನಾನು.

ಹನ್ನೊಂದೂವರೆಗೆ ಸಭೆ. ಫೋನು ಎತ್ತುತ್ತಿಲ್ಲ.

ಅದೇ ದಿನ, ಮಧ್ಯಾಹ್ನ

ಕೊನೆಗೆ ಎತ್ತಿದಳು. ಪಿಸುದನಿ. “ಅಪ್ಪ, ಎಲ್ರೂ ಬಂದು ಕೂತಿದಾರೆ.”

“ತೋರಿಸ್ಬೇಡ. ಸೂರು ಕಿಟಕಿ ಮೇಲೆ ಬಿದ್ದಿದೆ. ನಾನು ಡಿಗ್ರಿ ಹಾಕಿದೀನಿ.”

ಕುರ್ಚಿ ಸರಿದ ಸದ್ದು.

“ಸ್ಪೀಕರ್‌ಗೆ ಹಾಕ್ತೀನಿ. ಇದನ್ನೇ ಹೇಳಿ.”

ನಾಲ್ಕು ದಶಕ ತುಂಬಿದ ತರಗತಿಗಳೆದುರು ನಿಂತವನಿಗೆ ಕಾಣದ ನಾಲ್ಕಾರು ಜನರೆದುರು ನಾಲಿಗೆ ಏಳಲಿಲ್ಲ.

“ಯಾರ್ರೀ ಅದು?” — ಗರಗಸನೇ ಇರಬೇಕು.

“ನಮ್ಮಪ್ಪ, ಸರ್. ಈ ವಾರ ನನ್ನ ಬಲಗೈ.”

ಹೇಳಿದೆ. ಲೆಕ್ಕ ಅವಳದು ಸರಿ, ಕೊಟ್ಟ ಸಂಖ್ಯೆಯ ಮಾನ ಬದಲಿಸಿದ್ದು ನಾನು, ಅವಳು ನೋಡುತ್ತೇನೆಂದಾಗ ತಡೆದದ್ದೂ ನಾನು.

“ಕೈ ತಪ್ಪು ಮಾಡಿದ್ರೆ ತಲೆ ಏನ್ ಮಾಡ್ತಿತ್ತಮ್ಮ?” ಎಂದ ಆತ. ಅವಳಿಗೆ.

ಫೋನು ಕಡಿದುಹೋಯಿತು.

ಊಟ ಸೇರಲಿಲ್ಲ. ಹೆಂಡತಿ ಒತ್ತಾಯಿಸಲೂ ಇಲ್ಲ.

ಸಂಜೆ

ಬಂದಳು. ಚಪ್ಪಲಿ ಬಿಡದೆ ಕುರ್ಚಿಗೆ ಕುಸಿದಳು.

“ಸೋಮವಾರ ಬೆಳಿಗ್ಗೆವರೆಗೂ ಟೈಮು. ಇಲ್ದಿದ್ರೆ ಪಕ್ಕದ ಟೇಬಲ್ಲು.”

“ಬೇರೆ ಯಾರನ್ನಾದ್ರೂ ಕರೆಸು. ಇನ್ನು ನಾನದನ್ನ ಮುಟ್ಟಲ್ಲ.”

“ಓಹೋ! ಲೆಕ್ಕ ತಪ್ಪಾಯ್ತು, ಇನ್ನು ಶಾಲೆಗೇ ಬರಲ್ಲ ಅಂದ್ರೆ ನೀವು ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಮನೆಗೇ ಹೋಗಿ ಎಳೆತರುತ್ತಿದ್ದೆ.

“ಒಂದೇ ಷರತ್ತು,” ಎಂದಳು. ನಗುತ್ತಿರಲಿಲ್ಲ. “ನಾನು ಹೇಳಿದ್ದನ್ನ ನೀವು ಗಟ್ಟಿಯಾಗಿ ತಿರುಗಿ ಹೇಳ್ಬೇಕು. ನಾನು ಹೂಂ ಅಂದ್ಮೇಲೇ ಕ್ಲಿಕ್.”

ಒಪ್ಪಿ ತಲೆಯಾಡಿಸಿದೆ.

ಮಾರ್ಚ್ ೮, ಶನಿವಾರ

ಕಾಫಿಗೆ ಬಿಡುವು ಕೊಟ್ಟಿದ್ದಾಳೆ. ಅಷ್ಟರಲ್ಲಿ ಎರಡು ಸಾಲು.

“ಕೆಳಗಿನ ಇಳಿಜಾರು. ನೂರಕ್ಕೆ ಮೂವತ್ತು,” ಎಂದು ಮೆಲ್ಲಗೆ ಹೇಳಿದೆ. ಹಜಾರದಲ್ಲಿ ಹೆಂಡತಿ ಕಿವಿಯಾಗಿ ಕೂತಿದ್ದಳು.

“ಕೇಳಿಸ್ಲಿಲ್ಲ,” ಎಂದಳು ಮಗಳು. “ಹಿಂದಿನ ಬೆಂಚಿಗೂ ಕೇಳ್ಬೇಕು.”

ಗಟ್ಟಿಯಾಗಿ ಹೇಳಿದೆ. ಹೂಂ ಎಂದಳು. ಒತ್ತಿದೆ. ಸೂರು ಮೇಲೇರಿತು. ಕಿಟಕಿಗಳು ಕಣ್ಣು ಬಿಟ್ಟವು. ಹಜಾರದಿಂದ ಚಪ್ಪಾಳೆ — ಅದು ಬೇಕಿರಲಿಲ್ಲ.

ಇನ್ನು ಕಂಸ ಎಳೆಯಬೇಕು, ಗೋಡೆಗಳನ್ನು ಮತ್ತೆ ಮುಟ್ಟಿಸಬೇಕು. ಸೋಮವಾರ ಏನಾಗುವುದೋ. ಕರೆಯುತ್ತಿದ್ದಾಳೆ. “ಅಪ್ಪ, ನಾನು ತ್ರಿಜ್ಯ ಎಷ್ಟು ಅಂದೆ? ಅಲ್ಲಿಂದಲೇ ಹೇಳಿ!” ಕೂತು ಹೇಳಿದರೆ ದನಿ ಏಳುವುದಿಲ್ಲ. ಎದ್ದು ನಿಂತೇ ಹೇಳುತ್ತೇನೆ.