ಅಜ್ಜಿಯ ಕೈಯ ತೊಟ್ಟಿಲು

ಮೂಡುಬಿದಿರೆ
14 ನವೆಂಬರ್ 2024

ಪ್ರೀತಿಯ ಸುರಕ್ಷಾ,

ಮೂಡುಬಿದಿರೆಯಿಂದ ಮಂಗಳೂರಿಗೆ ಅಂಚೆಯಲ್ಲಿ ಪತ್ರ ಹಾಕುವ ತಾಯಿ ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಬಸ್ಸು ಹತ್ತಿದರೆ ಒಂದೂವರೆ ಗಂಟೆಯ ದಾರಿ. ಆದರೆ ನೀನು ಫೋನ್ ಎತ್ತುವುದಿಲ್ಲ, ಎದುರಿಗೆ ಬಂದರೆ ನಾನು ಮತ್ತೆ ಟೀಚರ್ ಆಗಿಬಿಡುತ್ತೇನೆ. ಕಾಗದದ ಮೇಲೆ ನನಗೆ ಸ್ವಲ್ಪ ತಾಳ್ಮೆ ಉಂಟು. ಬುಧವಾರದ ಒಳಗೆ ಇದು ನಿನ್ನ ಕೈ ಸೇರಬೇಕು.

ದೀಪಾವಳಿಗೆ ಬಂದವಳು ಹಣತೆ ಇಡಲು ಕೈ ಚಾಚಿದಾಗ ನಿನ್ನ ಮುಂಗೈಯ ಒಳಬದಿಯ ಹಚ್ಚೆ ನನ್ನ ಕಣ್ಣಿಗೆ ಬಿತ್ತು. ಆಮೇಲೆ ನಾನು ಆಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪುಂಟು, ನನಗೂ ನೆನಪುಂಟು. ಡಿಸೆಂಬರಿನಲ್ಲಿ ಬೆಳ್ತಂಗಡಿಯಲ್ಲಿ ನಿನ್ನ ನಿಶ್ಚಿತಾರ್ಥ, ಹುಡುಗ ತರುಣನ ಮನೆಯವರು ಏನು ತಿಳಿದಾರು, ಅದನ್ನು ತೆಗೆಸಿಕೊಂಡೇ ಬಾ ಎಂದೆ. ಇದು ಅಜ್ಜಿಯ ಕೈಯಲ್ಲಿದ್ದ ತೊಟ್ಟಿಲು ಅಮ್ಮ ಎಂದು ನೀನು ಮೆಲ್ಲಗೆ ಹೇಳಿದೆ. ಅಲ್ಲಿಗೂ ನಾನು ಬಿಡಲಿಲ್ಲ. ಗೆರೆ ಸೊಟ್ಟ ಉಂಟು, ಡ್ರಾಯಿಂಗ್ ಟೀಚರಿನ ಮಗಳಿಗೆ ಅಷ್ಟೂ ಅಭಿರುಚಿ ಇಲ್ಲವಾ ಎಂದೆ. ನನಗೆ ತೋರಿಸಲೆಂದು ನೀನು ಗೋಡೆಯಲ್ಲಿದ್ದ ಅಜ್ಜಿಯ ಫೋಟೋದ ಹತ್ತಿರ ಹೋದೆ. ಫೋಟೋದಲ್ಲಿ ಅಜ್ಜಿಯ ಕೈ ಬೋಳಾಗಿತ್ತು. ನೀನು ಫೋಟೋ ನೋಡಿದೆ, ಮತ್ತೆ ನನ್ನನ್ನು ನೋಡಿದೆ, ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಹೊರಟುಹೋದೆ. ಸಂಜೆ ನಿನ್ನ ಸಂದೇಶ ಬಂತು. ಲೇಸರ್ ಮಾಡಿಸಲಿಕ್ಕೆ ಇಪ್ಪತ್ತನೇ ತಾರೀಕು ಬುಧವಾರ ಹನ್ನೊಂದು ಗಂಟೆಗೆ ಸಮಯ ಸಿಕ್ಕಿದೆ ಎಂದು ಬರೆದು, ಕ್ಲಿನಿಕ್ಕಿನ ನಂಬರನ್ನೂ ಹಾಕಿದ್ದೆ.

ನೀನು ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಫೋಟೋದಲ್ಲಿ ಆ ಕೈಯನ್ನು ಬೋಳು ಮಾಡಿಸಿದ್ದು ನಾನು.

ಅಜ್ಜಿ ತೀರಿಕೊಂಡಾಗ ಹದಿಮೂರನೆಯ ದಿನದ ಬೊಜ್ಜದ ಕ್ರಿಯೆಗೆ ದೀಪದ ಹತ್ತಿರ ಇಡಲು ಒಂದು ದೊಡ್ಡ ಫೋಟೋ ಬೇಕಿತ್ತು. ಅವರು ಹಲಸಿನ ಹಣ್ಣು ಬಿಡಿಸುತ್ತಾ ಕುಳಿತಿದ್ದಾಗ ನಿನ್ನ ಮಾವ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವಿತ್ತು, ಅದೊಂದರಲ್ಲೇ ಅವರು ಬಾಯಿ ತುಂಬ ನಗುತ್ತಿದ್ದರು. ಅದನ್ನು ಇಲ್ಲಿ ರಮಾನಾಥನ ಸ್ಟುಡಿಯೋಕ್ಕೆ ಕೊಂಡುಹೋದೆ. ಅವನು ಹಿಂದಿದ್ದ ಬಟ್ಟೆಯ ಹಗ್ಗ ತೆಗೆದ, ಹಲಸಿನ ಹಣ್ಣು ತೆಗೆದ, ಮಾಸಿದ ಸೀರೆಗೆ ಬಣ್ಣ ತುಂಬಿದ. ಮತ್ತೆ ಎಂಥ ಮಾಡ್ಬೇಕು ಟೀಚರ್ ಎಂದು ಕೇಳಿದ. ಗಲ್ಲದ ಬೊಟ್ಟು, ಕೈಯ ಹಸಿರು, ಎರಡನ್ನೂ ತೆಗಿ ಎಂದೆ. ಅವನು ಮೌಸ್ ಬಿಟ್ಟು ನನ್ನ ಮುಖ ನೋಡಿ, ಅದು ಅಜ್ಜಿದೇ ಅಲ್ವಾ ಟೀಚರ್, ಇರ್ಲಿ ಬಿಡಿ ಎಂದ. ಬಂದವರು ನೋಡುವಾಗ ಚಂದ ಕಾಣಬೇಕು ಮಾರಾಯ ಎಂದು ಗದರಿಸಿದೆ. ನಾಲ್ಕು ನಿಮಿಷದ ಕೆಲಸ. ನಾನು ಪಕ್ಕದಲ್ಲೇ ನಿಂತು, ಇಲ್ಲಿ ಇನ್ನೂ ಸ್ವಲ್ಪ ಕಾಣ್ತದೆ ಎಂದು ಬೆರಳಿಟ್ಟು ತೋರಿಸಿದೆ.

ಆ ಹಚ್ಚೆಯ ಕಥೆ ನಿನಗಿಂತ ಹೆಚ್ಚು ಸಲ ಕೇಳಿದವಳು ನಾನು. ಅಜ್ಜಿಗೆ ಹನ್ನೆರಡು ವರ್ಷವಾಗಿದ್ದಾಗ ಸಿದ್ಧಕಟ್ಟೆಯ ಮನೆಗೆ ಹಚ್ಚೆ ಚುಚ್ಚುವ ಹೆಂಗಸು ಬಂದಿದ್ದಳಂತೆ. ಕೈಯಲ್ಲಿ ಸೂಜಿಯ ಕಟ್ಟು, ತೆಂಗಿನ ಗೆರಟೆಯಲ್ಲಿ ಮಸಿ. ತುಳಸಿ ಕಟ್ಟೆ ಚುಚ್ಚಿಸಿಕೊಳ್ಳಲಿ ಎಂದು ಮನೆಯವರು ಹೇಳಿದರೆ, ಈ ಹುಡುಗಿ ತೊಟ್ಟಿಲೇ ಬೇಕೆಂದು ಹಟ ಹಿಡಿದಳು. ಅಳದೆ ಕುಳಿತದ್ದಕ್ಕೆ ಗಲ್ಲಕ್ಕೆ ಎರಡು ಬೊಟ್ಟು ಧರ್ಮಕ್ಕೆ ಸಿಕ್ಕಿತು. ಚುಚ್ಚಿದ ಜಾಗಕ್ಕೆ ಅರಸಿನ, ತೆಂಗಿನೆಣ್ಣೆ ಹಚ್ಚಿ ಎಂಟು ದಿನ ಕೈ ಎತ್ತಿಕೊಂಡೇ ತಿರುಗಿದರಂತೆ. ಅದನ್ನು ಹೇಳುವಾಗಲೆಲ್ಲ ಅವರ ಮುಖ ನೋಡಬೇಕಿತ್ತು. ನಾನು ಸತ್ತ ದಿನ ಬಳೆ ಬಿಚ್ಚಿಕೊಳ್ತೀರಿ, ಸರ ಬಿಚ್ಚಿಕೊಳ್ತೀರಿ, ಇದನ್ನು ಹೇಗೆ ಬಿಚ್ತೀರಿ ನೋಡುವ ಎಂದು ನಮ್ಮನ್ನು ತಮಾಷೆ ಮಾಡುತ್ತಿದ್ದರು. ನಾನು ಅದನ್ನೂ ಬಿಚ್ಚಿದೆ.

ನನ್ನ ಈ ಕೆಟ್ಟ ಅಭಿಮಾನ ಶುರುವಾದದ್ದು ಬಂಟ್ವಾಳದ ಹೈಸ್ಕೂಲಿನಲ್ಲಿ. ಹತ್ತನೇ ಕ್ಲಾಸಿನಲ್ಲಿ ಚಿತ್ರಕ್ಕೆ ನನಗೆ ಮೊದಲ ಬಹುಮಾನ ಬಂತು. ವಾರ್ಷಿಕೋತ್ಸವಕ್ಕೆ ಅಮ್ಮ, ಅಂದರೆ ನಿನ್ನ ಅಜ್ಜಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕುಳಿತು ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಹುಡುಗಿ, ನಿನ್ನ ಅಮ್ಮನ ಕೈಯಲ್ಲಿ ಎಂಥದದು ಹಸಿರು, ತೊಳೆದರೆ ಹೋಗುವುದಿಲ್ಲವಾ ಎಂದು ಕೇಳಿದಳು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ಕೇಳಿದಳು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ, ಇನ್ನು ಮುಂದೆ ನಾಲ್ಕು ಜನರ ಎದುರು ಕೈಯ ಮೇಲೆ ಸೆರಗು ಹೊದ್ದುಕೊಳ್ಳಿ ಅಮ್ಮ ಎಂದೆ. ಆಯ್ತು ಮಗಾ ಎಂದರು. ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅವರು ಆ ಮಾತನ್ನು ಹೇಗೆ ಪಾಲಿಸಿದರು ಎಂದರೆ, ನನ್ನ ಮದುವೆಗೆ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಹೊಲಿಸಿಕೊಂಡು ಬಂದರು. ಮೇ ತಿಂಗಳ ಬಂಟ್ವಾಳದ ಸೆಖೆ ನಿನಗೆ ಗೊತ್ತುಂಟಲ್ಲ. ಬೆವರು ಮೊಣಕೈಯಿಂದ ಇಳಿಯುತ್ತಿತ್ತು. ಎಲ್ಲರೂ ಇದೆಂಥ ಹೊಸ ಫ್ಯಾಷನ್ ಎಂದು ನಗುತ್ತಿದ್ದರು, ಅವರೂ ಜೊತೆಗೆ ನಗುತ್ತಿದ್ದರು. ನನಗೆ ಆ ದಿನ ನೆಮ್ಮದಿಯಾಗಿತ್ತು. ಬರೆಯಲು ಕಷ್ಟವಾಗುತ್ತದೆ, ಆದರೆ ಸತ್ಯ ಅದೇ.

ನೀನು ಹೋದ ಮೂರನೇ ದಿನ ರಮಾನಾಥನ ಹತ್ತಿರ ಹೋಗಿ, ಮೊದಲಿನ ಫೋಟೋ ಉಂಟಾ ಎಂದು ಕೇಳಿದೆ. ಆ ಕಂಪ್ಯೂಟರ್ ಹೋಗಿ ಎರಡು ಕಂಪ್ಯೂಟರ್ ಆಯ್ತು ಟೀಚರ್ ಎಂದ. ಮಾವನ ಆ ಮೊಬೈಲ್ ಎಂದೋ ಬಾವಿಗೆ ಬಿದ್ದಿದೆ. ಮನೆಗೆ ಬಂದು ಆಲ್ಬಮ್‌ಗಳನ್ನೆಲ್ಲ ಇಳಿಸಿದೆ. ನಿನ್ನ ತೊಟ್ಟಿಲು ಶಾಸ್ತ್ರ, ಗೃಹಪ್ರವೇಶ, ಯಾರ್ಯಾರದೋ ಮದುವೆ. ಎಲ್ಲ ಫೋಟೋದಲ್ಲೂ ಅಮ್ಮ ಸೆರಗು ಹೊದ್ದಿದ್ದಾರೆ, ಇಲ್ಲವೇ ಆ ಉದ್ದ ತೋಳು. ಕೊನೆಗೆ ನಾನೇ ಬರೆಯುವ ಎಂದು ಕಾಗದ ಹಿಡಿದು ಕುಳಿತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಹೂಜಿ, ಹೂದಾನಿ ಬರೆಯಲು ಕಲಿಸಿದವಳಿಗೆ ಹೆತ್ತ ತಾಯಿಯ ಕೈಯ ಚಿತ್ರ ಬರೆಯಲು ಬರಲಿಲ್ಲ. ತೊಟ್ಟಿಲ ಕೆಳಗೆ ಏಳು ಚುಕ್ಕಿಯೋ ಒಂಬತ್ತೋ, ಹಗ್ಗ ಮೇಲೆ ಕೂಡುತ್ತಿತ್ತೋ ಬಿಡಿಬಿಡಿಯಾಗಿತ್ತೋ, ಒಂದೂ ನೆನಪಿಲ್ಲ. ಮುಚ್ಚಿಕೊಳ್ಳಿ ಎಂದು ಹೇಳಿದ ಮೇಲೆ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಮಗಾ. ಕಾಗದದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ನಿನಗೆ ಹೇಗೆ ನೆನಪಿತ್ತು ಎಂದು ಆಮೇಲೆ ಹೊಳೆಯಿತು. ನೀನು ಐದು ವರ್ಷದವಳಿದ್ದಾಗ ರಜೆಯಲ್ಲಿ ಅಜ್ಜಿಯ ಪಕ್ಕ ಮಲಗಿ, ಬಾಲ್‌ಪೆನ್ನಿನಿಂದ ಆ ಗೆರೆಗಳ ಮೇಲೆಯೇ ಗೆರೆ ಎಳೆಯುತ್ತಿದ್ದೆ. ಅವರು ಕೈ ಚಾಚಿ ಕೊಟ್ಟು ಹಾಗೆಯೇ ನಿದ್ದೆ ಹೋಗುತ್ತಿದ್ದರು. ಹೊಲಸು ಮಾಡಬೇಡ ಎಂದು ನಾನು ನಿನ್ನ ಕೈಗೆ ಪೆಟ್ಟು ಕೊಟ್ಟದ್ದೂ ಉಂಟು. ಹಾಗಾಗಿ ಗೆರೆ ಸೊಟ್ಟ ಉಂಟು ಎಂದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದು ಅಜ್ಜಿಯ ಕೈಯಲ್ಲೂ ಸೊಟ್ಟಗೇ ಇದ್ದಿರಬೇಕು.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳುತ್ತೇನೆ. ತರುಣನ ಮನೆಯವರು ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಹೆದರಿಕೆಯನ್ನು ಅವರ ಹೆಸರಿನಲ್ಲಿ ಹೇಳಿದೆ, ಅಷ್ಟೇ. ನಿನ್ನ ಕಾಲದ ಟ್ಯಾಟೂಗಳೆಲ್ಲ ಚಂದ ಎಂದು ನಾನು ಈಗ ಒಪ್ಪಿದೆ ಅಂತ ತಿಳಿಯಬೇಡ. ಮೊನ್ನೆ ಮೀನು ಮಾರ್ಕೆಟಿನಲ್ಲಿ ಒಬ್ಬನ ಕುತ್ತಿಗೆಯಲ್ಲಿ ಸಿಂಹ ಕಂಡೆ, ಹಲ್ಲುನೋವು ಬಂದ ಬೆಕ್ಕಿನ ಹಾಗಿತ್ತು. ಆದರೆ ನಿನ್ನದನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಜ್ಜಿ ಬೂದಿಯಾದರು, ಫೋಟೋವನ್ನು ನಾನು ಹಾಳು ಮಾಡಿದೆ. ಆ ತೊಟ್ಟಿಲು ಈಗ ಇರುವುದು ನಿನ್ನ ಕೈಯಲ್ಲಿ ಮಾತ್ರ. ಬುಧವಾರ ಹೋಗಬೇಡ. ನಾನು ಹೇಳಿದೆ ಎಂದು ತೆಗೆಸಿಕೊಳ್ಳಬೇಡ. ನಿಶ್ಚಿತಾರ್ಥಕ್ಕೆ ಗಿಡ್ಡ ತೋಳಿನ ರವಿಕೆಯನ್ನೇ ಹೊಲಿಸು. ಯಾರಾದರೂ ಕೇಳಿದರೆ ಉತ್ತರ ನಾನು ಕೊಡುತ್ತೇನೆ.

ಊಟ ಸರಿಯಾಗಿ ಮಾಡು. ಒಮ್ಮೆ ಫೋನ್ ಎತ್ತು.

ನಿನ್ನ ಅಮ್ಮ,
ಕಾಂತಿ

ತಾ.ಕ.: ಅಂಚೆ ತಡವಾದರೆ ಎಂದು ಹೆದರಿ, ಕವರ್ ಅಂಟಿಸುವ ಮೊದಲು ಆ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ. ನಮ್ಮ ಮಗಳು ಬುಧವಾರ ಬರುವುದಿಲ್ಲ, ಅವಳ ಹೆಸರು ತೆಗೆದುಬಿಡಿ ಎಂದೆ. ಅಲ್ಲಿಯ ಹುಡುಗಿ ನೋಡಿ, ಸುರಕ್ಷಾ ಅವರು ಬುಕ್ ಮಾಡಿದ ಮರುದಿನವೇ ಕ್ಯಾನ್ಸಲ್ ಮಾಡಿದ್ದಾರಲ್ಲ ಮೇಡಂ ಎಂದಳು. ನನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು. ಪತ್ರ ಹರಿದು ಹಾಕುವ ಎಂದುಕೊಂಡೆ. ನಿನಗೆ ನನ್ನ ಒಪ್ಪಿಗೆಯ ಅಗತ್ಯವೇ ಇರಲಿಲ್ಲ. ಆದರೂ ಕಳಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಳಿಸಿದವಳು ನಾನೊಬ್ಬಳೇ, ಅದು ನಿನಗೆ ನನ್ನ ಕೈಬರಹದಲ್ಲೇ ಗೊತ್ತಾಗಲಿ.