ಕೊನೆಯ ಸಾಲು ಕಾಣುತ್ತಿಲ್ಲ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಪುಟ್ಟಿ ಅಪ್ಪನಿಗೆ,

ಹೇಗಿದ್ದೀರಿ? ಇಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬಾ ಎದ್ದಿದ್ದ ಬೆವರುಸಾಲೆ ಇಳಿಯಿತಾ? ನಾನು ಕೊಟ್ಟ ಪೌಡರ್ ಡಬ್ಬ ಇನ್ನೂ ಬ್ಯಾಗಿನ ತಳದಲ್ಲೇ ಇದೆ ಅಂತ ಇಲ್ಲಿಂದಲೇ ಹೇಳಬಲ್ಲೆ, ದಯವಿಟ್ಟು ತೆಗೆದು ಹಚ್ಚಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ, ಇಲ್ಲಾ ಹಡಗಿನ ಹೊಟ್ಟೆ ತುಂಬಿಸುವುದರಲ್ಲಿ ನಿಮ್ಮ ಹೊಟ್ಟೆ ಮರೆತೇಹೋಗುತ್ತದಾ? ಅತ್ತೆ ಚೆನ್ನಾಗಿದ್ದಾರೆ. ಹೊಸ ಹಲ್ಲಿನ ಸೆಟ್ಟು ಒತ್ತುತ್ತದೆ ಅಂತ ದಿನವಿಡೀ ತೆಗೆದು ಲೋಟದಲ್ಲಿ ಇಟ್ಟಿರುತ್ತಾರೆ, ನಿಮ್ಮ ಫೋನ್ ಬಂತು ಅಂದರೆ ಮಾತ್ರ ಓಡಿಹೋಗಿ ಹಾಕಿಕೊಳ್ಳುತ್ತಾರೆ. ಮಗನ ಹತ್ತಿರ ಬೊಚ್ಚುಬಾಯಲ್ಲಿ ಮಾತಾಡೋಕೆ ನಾಚಿಕೆಯಂತೆ. ಪುಟ್ಟಿ ನನ್ನ ಹೆಗಲಿನ ಎತ್ತರಕ್ಕೆ ಬಂದಿದ್ದಾಳೆ. ಎಡ ಹೆಗಲಿನ ಲೆಕ್ಕದಲ್ಲಿ ಹೇಳಿದೆ, ಬಲ ಹೆಗಲು ಈಗ ಎಡಕ್ಕಿಂತ ಮೇಲೆ ಹೋಗಿ ಕೂತಿದೆ.

ಇನ್ನು ನಾನು. ಇಲ್ಲಿ ‘ನಾನು ಆರಾಮಾಗಿದ್ದೇನೆ’ ಅಂತ ಬರೆಯಲು ಪೆನ್ನು ತಾನಾಗಿಯೇ ಹೊರಟಿತ್ತು, ಹಿಡಿದು ನಿಲ್ಲಿಸಿದೆ. ಫೋನಿನಲ್ಲಂತೂ ಅದನ್ನು ಹಿಡಿಯುವುದಕ್ಕೂ ಪುರುಸೊತ್ತಿರುವುದಿಲ್ಲ. ನಿಮ್ಮ ಬೆನ್ನ ಹಿಂದೆ ಫೋನಿಗಾಗಿ ಕಾದು ನಿಂತವರು ಕೆಮ್ಮುವುದು ನನಗೆ ಕೇಳಿಸುತ್ತಿರುತ್ತದೆ, ನೀವು ‘ಆರಾಮಾ?’ ಅನ್ನುತ್ತೀರಿ, ನಾನು ‘ಆರಾಮು’ ಅನ್ನುತ್ತೇನೆ, ಲೈನು ಹೋಗುತ್ತದೆ. ಹೋದ ವಾರವೂ ಅದೇ ಆಯಿತು. ಕಂಪನಿಯವರು ಇನ್ನೊಂದು ವರ್ಷಕ್ಕೆ ಸಹಿ ಹಾಕಿದರೆ ಎರಡನೇ ಇಂಜಿನಿಯರ್ ಮಾಡುತ್ತೇವೆ ಅಂದಿದ್ದಾರೆ, ಮುಂದಿನ ಬಂದರಿನಲ್ಲಿ ಉತ್ತರ ಹೇಳಬೇಕು, ಮನೆಯಲ್ಲಿ ಎಲ್ಲಾ ಸರಿಯಿದ್ದರೆ ಮಾತ್ರ ಹಾಕುತ್ತೇನೆ ಅಂದಿರಿ. ನಾನು ‘ಇಲ್ಲೇನಾಗಿದೆ, ಎಲ್ಲಾ ಸರಿಯಿದೆ, ಧೈರ್ಯವಾಗಿ ಹಾಕಿ’ ಅಂದೆ. ಆಮೇಲೆ ಫೋನಿಟ್ಟು, ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ತಾನಾಗಿ ಬರಲಿಲ್ಲ ಅದು.

ಕತ್ತಿನ ನೋವು ನಿಮಗೆ ಗೊತ್ತಿಲ್ಲದ್ದೇನಲ್ಲ. ಹೋದ ರಜೆಯಲ್ಲಿ ಬಂದಾಗ ಮುಲಾಮು ತಿಕ್ಕಿಕೊಟ್ಟು, ‘ಕನ್ನಡಕದಂಗಡೀಲಿ ಬಗ್ಗಿ ಬಗ್ಗಿ ಹೀಗಾಗಿದೆ, ಹೋಗುತ್ತೆ ಬಿಡು’ ಅಂದಿದ್ದಿರಿ. ಹೋಗಲಿಲ್ಲ ಕಣ್ರೀ. ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ತೋಳಿಗೆ ಇಳಿದು ಈಗ ಹೆಬ್ಬೆರಳವರೆಗೂ ಜೋಮು. ಬೆಳಿಗ್ಗೆ ಸೆಳೆತ, ಮಧ್ಯಾಹ್ನ ಉರಿ, ಸಂಜೆ ಅಂಗಡಿಯ ಶಟರ್ ಎಳೆಯುವಾಗ ಜೀವ ಹೋಗುವಂಥ ಚಳುಕು. ಕನ್ನಡಕದ ಕಾಲಿಗೆ ಹಾಕುವ ಆ ಸಣ್ಣ ತಿರುಪು ಬೆರಳಿಂದ ಜಾರಿ ಬೀಳುತ್ತದೆ, ನಾನು ಮಂಡಿಯೂರಿ ನೆಲವೆಲ್ಲಾ ತಡಕುತ್ತೇನೆ. ಅಂಗಡಿ ಯಜಮಾನರು ಕಂಡೂ ಕಾಣದವರ ಹಾಗೆ ಬೀದಿ ಕಡೆ ತಿರುಗಿಕೊಳ್ಳುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಎಷ್ಟು ದಿನ ಅಂತ ಆ ಕಡೆಯೇ ತಿರುಗಿಕೊಂಡಿರುತ್ತಾರೆ? ಪುಟ್ಟಿಗೆ ಜಡೆ ಹಾಕಲು ಕೈ ಮೇಲೇಳುವುದಿಲ್ಲ. ಒಂದು ದಿನ ಅವಳೇ ‘ನಂಗೆ ಗಿಡ್ಡ ಕೂದಲೇ ಇಷ್ಟ ಕಣಮ್ಮಾ’ ಅಂದು ಹೋಗಿ ಕತ್ತರಿಸಿಕೊಂಡು ಬಂದಳು. ನಿಮಗೆ ಗೊತ್ತಲ್ಲ, ಆ ಕೂದಲಿಗೆ ಅವಳು ಎಷ್ಟು ಮೆರೆಯುತ್ತಿದ್ದಳು ಅಂತ. ಇನ್ನೂ ಕನ್ನಡಿ ಮುಂದೆ ನಿಂತಾಗ ಕೈ ಬೆನ್ನ ಹಿಂದೆ ಹೋಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ.

ಸುಮ್ಮನೆ ಕೂತಿದ್ದಾಳೆ ಅಂತ ಬೈಯಬೇಡಿ, ನಾನು ಕೂತಿಲ್ಲ. ಮೂಳೆ ಡಾಕ್ಟರು ಒಳಗಿನ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ‘ಏನೂ ಇಲ್ಲ, ಸಂತೋಷಪಡಿ’ ಅಂದರು. ಸಂತೋಷಪಡುವುದಕ್ಕೂ ಕತ್ತು ತಿರುಗಬೇಕಲ್ಲ! ಅವರು ಫಿಸಿಯೋ ಹತ್ತಿರ ಕಳಿಸಿದರು. ಅವನು ಹೆಗಲಿಗೆ ವೈರು ಅಂಟಿಸಿ, ಸ್ವಿಚ್ ಹಾಕಿ, ತಾನು ಹೊರಗೆ ಮೊಬೈಲಿನಲ್ಲಿ ಆಟ ನೋಡುತ್ತಾ ಕೂರುತ್ತಿದ್ದ. ನನ್ನ ದಡ್ಡತನ ಕೇಳಿ. ದಿನಾ ಒಳಗೆ ಬಂದ ಕೂಡಲೇ ‘ಹೇಗಿದ್ದೀರಿ ಅಮ್ಮಾ?’ ಅನ್ನುತ್ತಿದ್ದ, ನಾನು ‘ಚೆನ್ನಾಗಿದ್ದೀನಪ್ಪಾ, ನೀನು ಹೇಗಿದ್ದೀಯಾ?’ ಅನ್ನುತ್ತಿದ್ದೆ. ಅವನು ಅದನ್ನೇ ಬರೆದುಕೊಂಡಿದ್ದಾನೆ! ಕೊನೆಗೊಂದು ದಿನ ‘ನೀವೇ ದಿನಾ ಚೆನ್ನಾಗಿದ್ದೀನಿ ಅಂತೀರಲ್ಲ, ಇನ್ನು ಬರೋದು ಬೇಡ’ ಅಂತ ನಗುನಗುತ್ತಾ ಕಳಿಸಿಕೊಟ್ಟ. ಮನೆಗೆ ಬಂದು ಹೇಳಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಮನೆಗೆ ಬಂದ ನೆಂಟರಿಗೆ ಹೇಳೋ ಹಾಗೆ ಹೇಳಿ ಬಂದಿದೀಯಲ್ಲೇ’ ಅಂದರು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಅದಾದ ಮೇಲೆ ಒಬ್ಬ ಮಸಾಜಿನವನು ಕತ್ತು ಹಿಡಿದು ಲಟಕ್ಕನೆ ತಿರುಗಿಸಿದ. ಎರಡು ದಿನ ಸ್ವರ್ಗ, ಮೂರನೇ ದಿನ ಮೊದಲಿಗಿಂತ ಕೆಟ್ಟದಾಯಿತು. ಆ ಕಥೆ ಬೇಡ, ನಿಮಗೆ ಕೋಪ ಬರುತ್ತದೆ.

ಮತ್ತೆ ಮೂಳೆ ಡಾಕ್ಟರ ಹತ್ತಿರವೇ ಹೋದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು (ಮೂಗಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ, ಸರಿಮಾಡಿಕೊಡೋಣ ಅನ್ನಿಸಿತು) ಮೆಲ್ಲಗೆ, ಮನಸ್ಸಿನ ಥೆರಪಿಸ್ಟ್ ಒಬ್ಬರನ್ನು ಹುಡುಕಿಕೊಳ್ಳಿ ಅಂದು ಚೀಟಿ ಬರೆದುಕೊಟ್ಟರು. ನನಗೆ ಮೈಯೆಲ್ಲಾ ಉರಿದುಹೋಯಿತು. ನೋವಿರುವುದು ಕತ್ತಿಗೆ, ನನಗೇನು ಹುಚ್ಚಾ? ದುಡಿದು ದುಡಿದು ಸೊರಗಿದವಳನ್ನು ನಾಟಕದವಳು ಅಂದ ಹಾಗಾಯಿತು. ತಿಂಗಳುಗಟ್ಟಲೆ ಆ ಚೀಟಿ ಪರ್ಸಿನಲ್ಲೇ ಇತ್ತು. ಆದರೆ ನೋವಿಗೆ ಮಾನ ಮರ್ಯಾದೆ ನೋಡಿಕೊಂಡು ಕೂರುವ ಅಭ್ಯಾಸವಿಲ್ಲವಲ್ಲ. ಒಂದು ಬೆಳಿಗ್ಗೆ ರವಿಕೆಯ ಹಿಂದಿನ ಹುಕ್ಕು ಹಾಕಲಾಗದೆ ಮಂಚದ ಮೇಲೆ ಕೂತುಬಿಟ್ಟೆ. ಅವತ್ತು ಫೋನ್ ಮಾಡಲು ಶುರುಮಾಡಿದೆ. ಮೊದಲನೆಯವರ ಹತ್ತಿರ ಮಳೆಗಾಲ ಮುಗಿಯುವವರೆಗೂ ಜಾಗವಿರಲಿಲ್ಲ. ಎರಡನೆಯವರು ಸಿಕ್ಕಿದರು, ಆದರೆ ಇಡೀ ಗಂಟೆ ತಮ್ಮ ಸೊಂಟನೋವಿನ ಪುರಾಣ ಹೇಳಿದರು. ಪಾಪ ಅನ್ನಿಸಿತು, ಹೊರಡುವಾಗ ನಾನೇ ಹುಷಾರಾಗಿರಿ ಅಂತ ಹೇಳಿ ಬಂದೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು ಆಗ. ಈ ನೋವಿಗಿಂತ ಇದಕ್ಕೊಬ್ಬರನ್ನು ಹುಡುಕುವ ಸುಸ್ತೇ ಹೆಚ್ಚು, ನಿಜ ಹೇಳುತ್ತೇನೆ.

ಮೂರನೆಯವರು ಡ್ರೈವಿಂಗ್ ಸ್ಕೂಲಿನ ಮೇಲಿನ ಮಹಡಿಯಲ್ಲಿದ್ದಾರೆ. ಕಡಿದಾದ ಮೆಟ್ಟಿಲು, ಬಣ್ಣ ಹೋದ ಕಂಬಿ, ಒಂದು ಕೋಣೆ, ಎರಡು ಕುರ್ಚಿ. ಕುರ್ಚಿಗೆ ಒರಗುವುದಕ್ಕೆ ಗಟ್ಟಿ ದಿಂಬು ಇಟ್ಟಿದ್ದರು, ಅದನ್ನು ನೋಡಿಯೇ ಅರ್ಧ ನಂಬಿಕೆ ಬಂತು. ನನ್ನ ವಯಸ್ಸಿನ ಹೆಂಗಸು, ಮಾತು ಕಡಿಮೆ. ‘ಹೇಗಿದ್ದೀರಿ?’ ಅಂದರು. ‘ಚೆನ್ನಾಗಿದ್ದೀನಿ ಮೇಡಂ’ ಅಂದೆ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಾ, ‘ಹಾಗಾದ್ರೆ ಆ ಮೆಟ್ಟಿಲೆಲ್ಲಾ ಹತ್ತಿಕೊಂಡು ಯಾಕೆ ಬಂದ್ರಿ?’ ಅಂದರು. ಜೋರಾಗಿಯೂ ಅಲ್ಲ, ವ್ಯಂಗ್ಯವಾಗಿಯೂ ಅಲ್ಲ. ಕೆಳಗೆ ಯಾರೋ ಹೊಸಬರು ಗೇರು ಹಾಕಲು ಬಾರದೆ ಕಾರು ಕಿರುಚಿಸುತ್ತಿದ್ದರು, ಇಲ್ಲಿ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ.

ನೋವು ಸುಳ್ಳು ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಕಳ್ಳ ಬಂದಾಗ ಬೊಗಳಲು ಶುರುಮಾಡಿದ ನಾಯಿ ಕಳ್ಳ ಹೋದ ಮೇಲೂ ನಿಲ್ಲಿಸುತ್ತಿಲ್ಲ, ನಾಯಿಯೂ ನಿಜ, ಬೊಗಳುವುದೂ ನಿಜ, ಅದನ್ನು ಸಮಾಧಾನ ಮಾಡುವುದನ್ನು ಕಲಿಯೋಣ ಅಂದರು. ನೋವು ತಲೆಗೇರುವ ಮುಂಚೆಯೇ ಕೈಕೆಲಸ ಬಿಟ್ಟು ಏಳಬೇಕು, ಹಲ್ಲು ಕಚ್ಚಿಕೊಂಡು ಮುಗಿಸುವ ಹಾಗಿಲ್ಲ, ಉಸಿರು ಬಿಗಿಹಿಡಿಯುವ ಹಾಗಿಲ್ಲ. ವಾಸಿಯಾಗುತ್ತದೆ ಅಂತ ಮಾತು ಕೊಡಲಿಲ್ಲ, ತಡೆದುಕೊಳ್ಳುವಷ್ಟಾಗುತ್ತದೆ ಅಂದರು. ಅತ್ತೆಗೆ ಈ ನಾಯಿ ಬಹಳ ಹಿಡಿಸಿಬಿಟ್ಟಿದೆ. ಬೆಳಿಗ್ಗೆ ಎದ್ದರೆ ‘ಹೇಗಿದೆಯೇ ನಿನ್ನ ನಾಯಿ, ಏನಾದ್ರೂ ಹಾಕಿದ್ಯಾ ಅದಕ್ಕೆ?’ ಅನ್ನುತ್ತಾರೆ. ಅದೊಂದು ನಗು ನನಗೆ ಅರ್ಧ ಮಾತ್ರೆಯಷ್ಟು ಕೆಲಸ ಮಾಡುತ್ತದೆ. ಆದರೆ ನೀರಿನ ಬಕೆಟ್ಟು ಎತ್ತಲು ಅವರನ್ನು ಕರೆಯಲಾಗುತ್ತದಾ, ಅವರೇ ಗೋಡೆ ಹಿಡಿದುಕೊಂಡು ಓಡಾಡುವವರು. ಅವತ್ತು ನಾನು ಹೊರಡುವ ಮುಂಚೆ ಮೇಡಂ ಒಂದು ಮಾತು ಕೇಳಿದರು: ‘ಇದನ್ನೆಲ್ಲಾ ಮನೇಲಿ ಯಾರ ಹತ್ತಿರ ಹೇಳ್ಕೋತೀರಿ?’ ನಮ್ಮವರ ಹತ್ತಿರ ಅಂದೆ. ‘ಹೇಳಿದ್ದೀರಾ?’ ಅಂದರು. ನಾನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿದೆ, ಬಗ್ಗಬಾರದು ಅನ್ನುವುದೂ ಮರೆತುಹೋಯಿತು.

ಮೊನ್ನೆ ಅಂಗಡಿಗೆ ಗಂಡ ಹೆಂಡತಿ ಇಬ್ಬರು ವಯಸ್ಸಾದವರು ಬಂದಿದ್ದರು. ಮೊದಲು ಅಜ್ಜಿ ಗೋಡೆಯ ಮೇಲಿನ ಅಕ್ಷರ ಓದಿದರು, ಕೊನೆಯ ಸಾಲಿನಲ್ಲಿ ಒಂದು ತಪ್ಪಿತು. ಆಮೇಲೆ ತಾತ ಕೂತರು. ಎದೆಯುಬ್ಬಿಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ಗಡಗಡ ಓದಿ ಮುಗಿಸಿದರು, ಅಜ್ಜಿ ಮಾಡಿದ ತಪ್ಪನ್ನೂ ಸೇರಿಸಿ! ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. ‘ತಾತಾ, ಇದು ಪರೀಕ್ಷೆ ಅಲ್ಲ. ಕಾಣದಿದ್ರೆ ಕಾಣ್ತಿಲ್ಲ ಅನ್ನಿ. ಅಂದಾಜಲ್ಲಿ ಓದಿದ್ರೆ ನಾನು ತಪ್ಪು ಕನ್ನಡಕ ಕೊಟ್ಟುಬಿಡ್ತೀನಿ, ಆಮೇಲೆ ಎಡವಿ ಬೀಳೋದು ನೀವೇ.’ ಇಷ್ಟು ವರ್ಷ ಊರಿಗೆಲ್ಲಾ ಇದನ್ನು ಹೇಳಿಕೊಂಡು ಬಂದವಳು ನಾನು. ತಾತ ಪುಟ್ಟ ಮಗುವಿನ ದನಿಯಲ್ಲಿ ‘ಎರಡನೇ ಸಾಲಿನಿಂದಾನೇ ಕಾಣ್ತಿಲ್ಲಮ್ಮಾ’ ಅಂದರು. ಅಜ್ಜಿ ಅವರ ಕಡೆ ತಿರುಗಿ ನೋಡಿದ ನೋಟ ನನ್ನ ಕಣ್ಣಿಂದ ಹೋಗುತ್ತಿಲ್ಲ. ಬೈದರಾ ಅಂದರೆ ಇಲ್ಲ, ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದರು.

ಅದಕ್ಕೇ ಇಷ್ಟೆಲ್ಲಾ ಬರೆದೆ. ಓದಿ ಗಾಬರಿಯಾಗಬೇಡಿ, ಪ್ರಾಣಕ್ಕೇನೂ ಅಪಾಯವಿಲ್ಲ. ಮೇಡಂ ಹತ್ತಿರ ಪ್ರತಿ ಗುರುವಾರ ಹೋಗುತ್ತೇನೆ. ಒಂದೊಂದು ದಿನ ವಾಸಿ ಅನ್ನಿಸುತ್ತದೆ, ಮಾರನೇ ದಿನ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಸಹಿಯ ವಿಚಾರ ನಿಮಗೆ ಬಿಟ್ಟಿದ್ದು. ಎರಡನೇ ಇಂಜಿನಿಯರ್ ಆಗಬೇಕು ಅನ್ನುವುದು ನಿಮ್ಮ ಎಷ್ಟು ವರ್ಷದ ಆಸೆ ಅಂತ ನನಗೆ ಗೊತ್ತಿಲ್ಲವಾ? ನಾವು ಇಲ್ಲಿ ಹೇಗೋ ನಿಭಾಯಿಸುತ್ತೇವೆ, ನಮ್ಮ ಚಿಂತೆ ತಲೆಗೆ ಹಚ್ಚಿಕೊಳ್ಳಬೇಡಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಹಲ್ಲು ಹಾಕಿಕೊಂಡೇ. ಪುಟ್ಟಿ ಮುತ್ತು ಕಳಿಸಿದ್ದಾಳೆ, ಜೊತೆಗೆ ಹೊಸ ಕೂದಲಿನ ಫೋಟೋ. ಚೆನ್ನಾಗಿದೆ ಅಂತ ಬರೆಯಿರಿ ಅವಳಿಗೆ. ಮೈಮೇಲೆ ನಿಗಾ ಇರಲಿ.

ಹೆಸರು ಬಿಟ್ಟು ನೀವು ಕೂಗುವ ಹಾಗೇ,
ನಿಮ್ಮ ‘ಇವಳೇ’

ತಾ.ಕ.: ರಾತ್ರಿ ಲಕೋಟೆ ಅಂಟಿಸಿದವಳು ಸೋಮವಾರ ಬೆಳಿಗ್ಗೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚು ಹರಿದಿದೆ, ಏನೂ ಅಂದುಕೊಳ್ಳಬೇಡಿ. ನಿಮ್ಮ ಮುಂದಿನ ಬಂದರಿಗೆ ಟಪಾಲು ಕಳಿಸುವ ಕಂಪನಿ ಆಫೀಸಿನವನು ಹೊರಗೆ ಕಾಯುತ್ತಿದ್ದಾನೆ. ಸಹಿ ನಿಮಗೆ ಬಿಟ್ಟಿದ್ದು, ಹೇಗೋ ನಿಭಾಯಿಸುತ್ತೇವೆ ಅಂತ ಮೇಲೆ ಬರೆದೆನಲ್ಲ, ಅದು ಆ ತಾತ ಓದಿದ ಹಾಗೆ ಓದಿದ್ದು. ನನಗೆ ಕೊನೆಯ ಸಾಲು ಕಾಣುತ್ತಿಲ್ಲ ಕಣ್ರೀ. ಸಹಿ ಹಾಕಬೇಡಿ. ಮನೆಗೆ ಬನ್ನಿ. ಈ ಕಾಗದ ಸಿಕ್ಕಿದ ಮೇಲೆ ಫೋನ್ ಮಾಡಿ ‘ಆರಾಮಾ?’ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಆರಾಮು ಅಂದುಬಿಡುತ್ತೇನೆ.